ಮಿಕ್ಸಿಂಗ್ ಅಂಬಿಕಾಳ ಕಪ್ಪು ಪರದೆ

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಒಂದು ಬಳೆ ಅಂಗಡಿ ಮುಂದೆ ಒಮ್ಮೆ ಹೀಗಾಯಿತು. ಮದುವೆಯ ಹಸಿರು ಬಳೆ ಇನ್ನೂ ಕೈತುಂಬ ಇದ್ದ ಹುಡುಗಿಯೊಬ್ಬಳನ್ನು ಕಂಡು ಅಂಬಿಕಾ ಹಿಂದೆಮುಂದೆ ನೋಡದೆ, "ಕಾಲು ಉಳುಕಿದ್ದು ಆರಾಮಾತೇನ್ರಿ? ಅಕ್ಕಿಕಾಳು ಬೀಳೋ ಹೊತ್ತಿನ್ಯಾಗ ಭಾಳ ತ್ರಾಸ ತಗೊಂಡ್ರಿ ನೋಡ್ರಿ" ಅಂದುಬಿಟ್ಟಳು. ಹುಡುಗಿ ಕಕ್ಕಾಬಿಕ್ಕಿಯಾದಳು. ಕಾಲು ಉಳುಕಿದ್ದನ್ನು ಆಕೆ ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲ. "ನೀವು ಯಾರ ಕಡಿಯವ್ರು?" ಎಂದು ಕೇಳಿದರೆ ಅಂಬಿಕಾ ಏನು ಹೇಳಬೇಕು? ಅವಳು ಹೆಣ್ಣಿನ ಕಡೆಯವಳಲ್ಲ, ಗಂಡಿನ ಕಡೆಯವಳಲ್ಲ, ಆ ಮದುವೆಗೆ ಹೋದವಳೇ ಅಲ್ಲ. "ನಿಮ್ಮ ಮದುವಿ ಮಿಕ್ಸಿಂಗ್ ಮಾಡ್ದಾಕಿ ನಾನೇರಿ" ಅಂದಳು. ಹುಡುಗಿ ನಕ್ಕು, ಅವಳ ಕೈ ಹಿಡಿದುಕೊಂಡು, ಉಳುಕಿದ ಕಾಲಿನ ಪೂರ್ತಿ ಕಥೆಯನ್ನು ಬಳೆ ಅಂಗಡಿಯಲ್ಲೇ ಹೇಳಿ ಮುಗಿಸಿದಳು.

ಮಿಕ್ಸಿಂಗ್ ಅಂದರೆ ಮದುವೆಯ ವಿಡಿಯೋ ಜೋಡಿಸುವ ಕೆಲಸ. ಗಂಡ ಮೌನೇಶ ಕ್ಯಾಮೆರಾ ಹೊತ್ತು ಊರೂರು ತಿರುಗಿ ಶೂಟಿಂಗ್ ಮಾಡಿಕೊಂಡು ಬರುತ್ತಾನೆ. ಅವನು ತಂದದ್ದನ್ನು ಕಂಪ್ಯೂಟರಿಗೆ ಹಾಕಿ, ಬೇಕಾದ್ದು ಇಟ್ಟು, ಬೇಡಾದ್ದು ತೆಗೆದು, ಹಾಡು ಕೂಡಿಸಿ, ಹೂವಿನ ಮಳೆ ಸುರಿಸಿ, ಮದುವೆಯನ್ನು ಮದುವೆಯಂತೆ ಕಾಣಿಸುವವಳು ಅಂಬಿಕಾ. ನಿಜ ಹೇಳಬೇಕೆಂದರೆ ಮೌನೇಶನದ್ದು ಬರೀ ನಿಲ್ಲುವ ಕೆಲಸ, ತಲೆನೋವೆಲ್ಲ ಇವಳದು. ಹೀಗೆ ಹೇಳಿದರೆ ಮೌನೇಶನಿಗೆ ಸಿಟ್ಟು ಬರುತ್ತದೆ, ಬರಲಿ ಬಿಡಿ.

ಅಂಬಿಕಾ ತಾಜಸುಲ್ತಾನಪುರದ ಹುಡುಗಿ. ಮದುವೆಯಾಗಿ ಕಲಬುರಗಿಯ ಕಾಳಿನ ಪೇಟೆ ನೆಹರು ಗಂಜಿನ ಹಿಂದಿನ ಓಣಿಗೆ ಬಂದಾಗ ಅವಳಿಗೆ ಕಂಪ್ಯೂಟರಿನಲ್ಲಿ ಟೈಪು ಮಾಡುವುದೊಂದು ಗೊತ್ತಿತ್ತು. ಮಿಕ್ಸಿಂಗ್ ಕಲಿತದ್ದು ಸಿಟ್ಟಿನಿಂದ. ಅವಳ ಸ್ವಂತ ಮದುವೆಯ ವಿಡಿಯೋ ಜೋಡಿಸಿದ ಪುಣ್ಯಾತ್ಮ, ಅವಳ ಅವ್ವ ಆರತಿ ಎತ್ತುವುದನ್ನೇ ಕತ್ತರಿಸಿ ಒಗೆದು, ಆ ಜಾಗದಲ್ಲಿ ಎರಡು ಹಂಸ ಹಾರಿಸಿದ್ದ. "ನಮ್ಮವ್ವನ್ನ ತೆಗೆದು ಹಕ್ಕಿ ಹಾಕ್ಯಾನ, ಅವನ ಕೈ ಸೇದಿಹೋಗ್ಲಿ!" ಎಂದು ಕೂಗಾಡಿದವಳು, ಮರುದಿನವೇ ಮೌಸ್ ಹಿಡಿದು ಕೂತಳು. ಅಂದಿನಿಂದ ಇಂದಿನವರೆಗೆ ಅವಳ ಕೈಯಲ್ಲಿ ಯಾರ ಅವ್ವನೂ ಕಳೆದುಹೋಗಿಲ್ಲ.

ಅವಳ ಕಂಪ್ಯೂಟರ್ ಇರುವುದು ನಡುಮನೆಯಲ್ಲಿ. ಮದುವೆಯ ದೊಡ್ಡ ದೊಡ್ಡ ವಿಡಿಯೋ ತಡವರಿಸದೆ ಓಡಬೇಕೆಂದರೆ ಅದರ ಹೊಟ್ಟೆಯಲ್ಲಿ ಬೇರೆಯೇ ಒಂದು ಗ್ರಾಫಿಕ್ಸ್ ಕಾರ್ಡ್ ಬೇಕು. ಪರದೆಯ ಮೇಲೆ ಚಿತ್ರ ಮೂಡಿಸುವುದೇ ಅದರ ಕೆಲಸ. ಆ ಕಾರ್ಡು ಮನೆಗೆ ಬಂದ ದಿನ ಮಾವ ಮಲ್ಲಣ್ಣ ಅದಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಒಳಗೆ ಕರೆದುಕೊಂಡಿದ್ದರು. ಮಲ್ಲಣ್ಣ ಗಂಜಿನ ಅಡತಿ ಅಂಗಡಿಯಲ್ಲಿ ತೊಗರಿ ತೂಗಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡವರು. ಈಗ ಮನೆಯಲ್ಲೇ ಇರುತ್ತಾರೆ. ಬೇಸಿಗೆಯಲ್ಲಿ ಅವರಿಗೆ ಒಂದೇ ಉದ್ಯೋಗ, ಕೂಲರಿಗೆ ನೀರು ತುಂಬುವುದು. ಬೋರಿನ ನೀರು ಬಕೆಟ್ಟಿನಲ್ಲಿ ತಂದು ಸುರಿದು, ಹುಲ್ಲಿನ ಪ್ಯಾಡು ತೋಯಿಸಿ, ಗಾಳಿ ಯಾವ ಕಡೆ ಹೋಗಬೇಕೆಂದು ನಿರ್ಧರಿಸುವ ಅಧಿಕಾರ ಅವರೊಬ್ಬರದೇ. ಆ ಗಾಳಿ ಸೊಸೆಗಿಂತ ಹೆಚ್ಚು ಸೊಸೆಯ ಕಂಪ್ಯೂಟರಿಗೆ ಹೋಗುತ್ತಿತ್ತು. "ನಾವು ಬೀಸಣಿಕಿ ಬೀಸ್ಕೊಂಡು ಬದುಕ್ತೀವವ್ವಾ, ಪಾಪ, ಅದಕ್ಕ ಕೈಯಿಲ್ಲ" ಎಂದು ಅವರ ವಾದ. ಅಂಬಿಕಾಳಿಗೂ ಅದು ಸರಿಯೆನಿಸಿ, ಗಾಳಿ ಚೆನ್ನಾಗಿ ಆಡಲಿ ಎಂದು ಕಂಪ್ಯೂಟರಿನ ಪಕ್ಕದ ತಗಡನ್ನೂ ಬಿಚ್ಚಿಟ್ಟಿದ್ದಳು.

ಹೀಗಿರುವಾಗ ಕಮಲಾಪುರದ ಕರೀಂಸಾಬರ ಮಗಳು ಮುಬಶ್ಶಿರಾಳ ಮದುವೆಯ ಕೆಲಸ ಬಂತು.

ಮದುವೆ ಕಲಬುರಗಿಯ ಒಂದು ಫಂಕ್ಷನ್ ಹಾಲಿನಲ್ಲಿ ಭರ್ಜರಿಯಾಗಿಯೇ ಆಯಿತು. ಆದರೆ ಬರಲೇಬೇಕಾಗಿದ್ದ ಒಬ್ಬರು ಬರಲಿಲ್ಲ. ಕರೀಂಸಾಬರ ತಾಯಿ ಮರಿಯಮ್‌ಬೀ. ತಾಯಿ ಇಲ್ಲದ ಮುಬಶ್ಶಿರಾಳನ್ನು ಎದೆಗವಚಿಕೊಂಡು ಬೆಳೆಸಿದ ಅಜ್ಜಿ, ಅವಳ ಬಾಯಲ್ಲಿ ದಾದಿ. ಅರಿಶಿನ ಹಚ್ಚುವ ಹಳದಿಯ ದಿನ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಮದುವೆ ಮುಂದೆ ಹಾಕೋಣ ಎಂದು ಮನೆಯವರು ಅಂದರೆ ಹಾಸಿಗೆಯಿಂದಲೇ ಗದರಿದಳಂತೆ: "ಮುರದದ್ದು ನನ್ನ ಕಾಲು, ಹುಡುಗಿ ನಸೀಬಲ್ಲ. ಮದುವಿ ನಿಲ್ಸಿದ್ರ ಇದೇ ಕಾಲ್ಲೆ ಎದ್ದು ಬಂದು ಬಾರಸ್ತೀನಿ ಒಬ್ಬೊಬ್ಬರಿಗೆ!" ಮದುವೆ ನಿಲ್ಲಲಿಲ್ಲ. ಆಕೆ ಕಮಲಾಪುರದ ಮನೆಯಲ್ಲಿ ಮಂಚದ ಮೇಲೆ ಉಳಿದಳು. ಯಾರೋ ಮೊಬೈಲಿನಲ್ಲಿ ತೋರಿಸಲು ಹೋದರೆ ಮುಖ ತಿರುಗಿಸಿದಳು. ಉಗುರಿನಷ್ಟು ಕಾಣುವ ಮೊಮ್ಮಗಳು ಆಕೆಗೆ ಬೇಕಿರಲಿಲ್ಲ.

ಕರೀಂಸಾಬರು ಅಂಬಿಕಾಳ ಮನೆಗೇ ಬಂದು ಹೇಳಿದರು. "ಬೇಟಾ, ನಮ್ಮಲ್ಲಿ ಮದುವಿ ಆದಮ್ಯಾಲ ಶುಕ್ರವಾರಕ್ಕೊಂದು ಜುಮಾಗಿ ಊಟ ಇರ್ತದ, ಗೊತ್ತಲ್ಲ. ಅಳಿಯ-ಮಗಳನ್ನ ಕರದು ಉಣ್ಣಸ್ತೀವಿ. ಕಡೀ ಜುಮಾಗಿ ಕಮಲಾಪುರದಾಗ, ಅಮ್ಮಾನ ಮನಿದಾಗ. ಅದು ಮುಗಿದಮ್ಯಾಲ ಹುಡುಗಿ ಗಂಡನ ಕೂಡ ಹೈದರಾಬಾದಿಗೆ ಹೋಗ್ತಾಳ. ಅಷ್ಟರಾಗ ವಿಡಿಯೋ ಆಗಬೇಕು. ಹುಡುಗಿ ಬಾಜೂಕ ಕುಂತಿರಬೇಕು, ಅಮ್ಮಾ ನೋಡಬೇಕು. ಅಷ್ಟ ನನ್ನ ಆಸೆ."

"ಆಗ್ತದ್ರಿ ಚಾಚಾ, ಅದರಾಗೇನದ!" ಅಂದಳು ಅಂಬಿಕಾ. ಅಂದದ್ದೇ ತಪ್ಪಾಯಿತು ನೋಡಿ.

ಮೊದಲನೇ ದಿನವೇ ಎಡವಟ್ಟು. ನಿಕಾಹ್‌ನ ಭಾಗ ತೆರೆದು ಕೂತಿದ್ದಾಳೆ. ಕಾಜಿ ಕೇಳಿದ್ದಾರೆ, ಮದುಮಗ ಫೈಜಾನ್ ನಾಚುತ್ತ ತಲೆ ಎತ್ತಿದ್ದಾನೆ, ಕಬೂಲ್ ಅನ್ನಲು ಬಾಯಿ ತೆರೆದಿದ್ದಾನೆ. ಫಟ್ಟನೆ ಪರದೆ ಕಪ್ಪು! ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಪರದೆ ತಾನಾಗಿಯೇ ಬೆಳಗಿ, ಡಿಸ್‌ಪ್ಲೇ ಡ್ರೈವರ್ ನಿಂತುಹೋಗಿತ್ತು, ಈಗ ಸರಿಯಾಗಿದೆ ಎಂದು ಮೂಲೆಯಲ್ಲಿ ಸಣ್ಣ ಅಕ್ಷರ ತೋರಿಸಿತು. ಅಂಬಿಕಾ ಮತ್ತೆ ಓಡಿಸಿದಳು. ಫೈಜಾನ್ ಮತ್ತೆ ಬಾಯಿ ತೆರೆದ. ಮತ್ತೆ ಕಪ್ಪು.

ಹಿಂದೆ ಕೂತು ಮದುವೆ ನೋಡುತ್ತಿದ್ದ ಮಲ್ಲಣ್ಣನವರಿಗೆ ಕಳವಳ ಶುರುವಾಯಿತು. "ಹುಡುಗ ಒಪ್ಪ್ಯಾನೋ ಇಲ್ಲೋ?"

"ಒಪ್ಪ್ಯಾನ್ರಿ ಮಾವಾರ, ಮದುವ್ಯಾಗಿ ಸಂಸಾರ ಮಾಡಾಕತ್ತಾರ. ಇದು ನಮ್ಮ ಡ್ರೈವರ್ ಕಿತಾಪತಿ."

"ಅವ ಯಾರು?"

ಅಂಬಿಕಾಳಿಗೆ ವಿವರಿಸುವುದೆಂದರೆ ಇಷ್ಟ, ಅದೂ ತನಗೇ ಅರ್ಧ ಗೊತ್ತಿರುವ ವಿಷಯವಾದರೆ ಇನ್ನೂ ಇಷ್ಟ. "ನೋಡ್ರಿ, ಗಂಜಿನ್ಯಾಗ ಮಾಲು ತಂದ ರೈತ ಒಬ್ಬ, ಕೊಳ್ಳೋ ಸಾವಕಾರ ಒಬ್ಬ. ನಡುವ ಇಬ್ಬರಿಗೂ ಮಾತು ಹಚ್ಚೋ ದಲಾಲ ಇರ್ತಾನಲ್ಲ, ಹಂಗ ಈ ಡ್ರೈವರ್. ಕಂಪ್ಯೂಟರ್ ಹೇಳಿದ್ದು ಕಾರ್ಡಿಗೆ ಮುಟ್ಟಸ್ತದ. ಇದು ಬಾಯಿ ಮುಚ್ಕೊಂಡು ಕುಂತ್ರ ಪರದಿ ಕಪ್ಪು."

"ಹಂಗಾರ ದಲಾಲನ್ನ ಬದಲಿ ಮಾಡು" ಎಂದು ಮಲ್ಲಣ್ಣ ತೀರ್ಪು ಕೊಟ್ಟೇಬಿಟ್ಟರು. ಅನುಭವಸ್ಥರು.

ಬದಲಿ ಮಾಡಿದಳು. ಕಂಪ್ಯೂಟರ್ ಯಾರನ್ನೂ ಕೇಳದೆ ತಾನೇ ಹೊಸ ಡ್ರೈವರ್ ಹಾಕಿಕೊಂಡಿತ್ತು, ಅದನ್ನು ತೆಗೆದು ಹಳೆಯದಕ್ಕೆ ಮರಳಿದಳು. ಮರುದಿನ ಬೆಳಿಗ್ಗೆ ಸರಸರ ಓಡಿತು. ಅಂಬಿಕಾ ಖುಷಿಯಲ್ಲಿ ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದಳು. ಮಧ್ಯಾಹ್ನ ಮತ್ತೆ ಕಪ್ಪು. ಈ ಸಲ ಸೇಫ್ ಮೋಡಿಗೆ ಹೋದಳು. ಅಲ್ಲಿ ಅಕ್ಷರಗಳೆಲ್ಲ ಕುಂಬಳಕಾಯಿ ಗಾತ್ರ ಕಾಣುತ್ತವೆ, ಆದರೆ ಡ್ರೈವರನ್ನು ಬೇರುಸಹಿತ ಕೀಳಬಹುದು. ಕಿತ್ತು, ಕಾರ್ಡಿನ ಕಂಪನಿಯ ಸೈಟಿನಿಂದಲೇ ಇಳಿಸಿಕೊಂಡು ಹೊಸದಾಗಿ ಹಾಕಿದಳು. ಮಾರನೆಯ ಬೆಳಿಗ್ಗೆ ಓಡಿತು, ಮಧ್ಯಾಹ್ನ ಕಪ್ಪು. ಪರದೆಯ ಮೇಲೆ ಹಸಿರು ಗೀರುಗಳೂ ಕುಣಿಯತೊಡಗಿದವು.

ಬೆಳಿಗ್ಗೆ ಸರಿ, ಮಧ್ಯಾಹ್ನ ಕೆಡುಕು. ಇದರ ಅರ್ಥ ಏನೆಂದು ಮನೆಯಲ್ಲಿ ಸಭೆ ಕೂತಿತು. ಹೊರಗೆ ಕಲಬುರಗಿಯ ಬಿಸಿಲು, ಅಂಗಳದ ಕಲ್ಲಿನ ಮೇಲೆ ಹಪ್ಪಳ ಸುಡಬಹುದಾದಷ್ಟು. "ಸೆಕಿಗೆ ಸುಸ್ತಾಗ್ಯಾದ" ಎಂದರು ಮಲ್ಲಣ್ಣ. ಮೌನೇಶ ಹೌದೆಂದ. ಅಂಬಿಕಾಳೂ ಹೌದೆಂದಳು, ಕಾರ್ಡು ಕಾದರೆ ಹೀಗಾಗುತ್ತದೆ ಎಂದು ಓದಿದ್ದು ಅವಳಿಗೆ ನೆನಪಿತ್ತು. ಮೂರೂ ಜನ ಸೇರಿ ಕೂಲರನ್ನು ಇನ್ನಷ್ಟು ಹತ್ತಿರ ಎಳೆದರು. ಮಲ್ಲಣ್ಣ ಹೆಚ್ಚಿಗೆ ಒಂದು ಬಕೆಟ್ ನೀರು ಸುರಿದರು. ಕಂಪ್ಯೂಟರ್ ಆ ದಿನ ಇನ್ನೂ ಬೇಗ ಕಣ್ಣು ಮುಚ್ಚಿತು.

ಅಂಬಿಕಾ ಸರ್ಫರಾಜನಿಗೆ ಫೋನ್ ಹಚ್ಚಿದಳು. ಅವನು ಮೌನೇಶನ ಗೆಳೆಯ, ಕಂಪ್ಯೂಟರ್ ಸಾಮಾನಿನ ಅಂಗಡಿ ಇಟ್ಟವನು. ಅಂಗಡಿ ಮುಚ್ಚಿ ಅಕ್ಕನ ಮನೆಗೆಂದು ಬೀದರಿಗೆ ಹೋಗಿದ್ದ.

"ಭಾಭಿ, ಒಂದು ಕೆಲಸ ಮಾಡ್ರಿ. ಮಾನಿಟರಿನ ವಾಯರ್ ಕಾರ್ಡಿನಿಂದ ತೆಗದು ಕೆಳಗ ಮದರ್‌ಬೋರ್ಡಿನ ಜಾಗಾಕ್ಕ ಚುಚ್ರಿ. ನೋಡ್ರಿ ಏನಾಗ್ತದ."

ಚುಚ್ಚಿದಳು. ಪರದೆ ಕಪ್ಪಾಗಲಿಲ್ಲ, ಹಸಿರು ಗೀರು ಇಲ್ಲ. ಆದರೆ ಕಾರ್ಡಿಲ್ಲದೆ ಮದುವೆ ಓಡಲೊಲ್ಲದು. ಬಾರಾತಿನ ಮೆರವಣಿಗೆಯ ಜನ ಕೆಸರಿನಲ್ಲಿ ಕಾಲು ಕಿತ್ತು ಕಿತ್ತು ಇಡುವಂತೆ ನಡೆದರು, ಬ್ಯಾಂಡಿನವನು ಒಂದು ಊದು ಊದಲು ಯುಗ ತೆಗೆದುಕೊಂಡ.

"ಹಂಗಾರ ಕಾರ್ಡಿಂದೇ ತಕರಾರು" ಎಂದ ಸರ್ಫರಾಜ್. "ಮುಗೀತೋ ಏನೋ ಅದರ ಕಥಿ. ಹೊಸಾದು ತರಸ್ಬೇಕಂದ್ರ ಜುಮಾಗಿ ದಾಟ್ತದ ಭಾಭಿ."

ಜುಮಾಗಿ ದಾಟುತ್ತದೆ ಎಂಬ ಮಾತು ಅಂಬಿಕಾಳ ಎದೆಗೆ ನಾಟಿತು. ಬೇರೆಯವರ ಕಂಪ್ಯೂಟರ್ ಕೇಳೋಣವೆಂದರೆ ಮದುವೆಯ ಸುಗ್ಗಿ, ಊರಿನ ಎಲ್ಲ ಮಿಕ್ಸಿಂಗಿನವರೂ ಕತ್ತಿನವರೆಗೆ ಕೆಲಸದಲ್ಲಿ ಮುಳುಗಿದ್ದರು.

ಅಷ್ಟರಲ್ಲಿ ಕಮಲಾಪುರದಿಂದ ಕರೆ ಬಂತು. ಮಾತಾಡಿದ್ದು ಮರಿಯಮ್‌ಬೀಯೇ. "ಬೇಟಿ, ಸೆಲೆಕ್ಷನಿಗೆ ಯಾರು ಬರ್ತಾರ?"

ಈ ಸೆಲೆಕ್ಷನ್ ಎಂಬುದು ನಮ್ಮ ಕಡೆಯ ಕಟ್ಟಳೆ. ಮಿಕ್ಸಿಂಗ್ ಮಾಡುವವರ ಪಕ್ಕದಲ್ಲಿ ಮನೆಯ ಹಿರಿಯರೊಬ್ಬರು ಕೂತು, ಇವನು ಸೋದರಮಾವ ಇರಲಿ, ಇವನು ಯಾರೋ ಊಟಕ್ಕೆ ಬಂದವನು ತೆಗಿ, ಎಂದು ಹೇಳಬೇಕು. ಇಲ್ಲದಿದ್ದರೆ ಸ್ವಂತ ಸೋದರಮಾವ ಹಾರಿಹೋಗಿ, ಊಟಕ್ಕೆ ಬಂದವನು ಮದುವೆ ತುಂಬ ಮೆರೆದು, ಎರಡು ಮನೆತನ ವರ್ಷಗಟ್ಟಲೆ ಮಾತು ಬಿಡುತ್ತವೆ. ಕರೀಂಸಾಬರ ಬೀಗರು-ಬಿಜ್ಜರ ಬೇರು ಟೊಂಗೆ ಪೂರ್ತಿ ಗೊತ್ತಿದ್ದವಳು ಮರಿಯಮ್‌ಬೀ ಒಬ್ಬಳೇ, ಆಕೆ ಬರುವಂತಿಲ್ಲ. "ನೀನೇ ನಿನ್ನ ಮಷೀನ್ ತಗೊಂಡು ಬಾ. ಉಂಡು ಹೋಗಂತಿ" ಎಂದು ಆಕೆ ಆಜ್ಞೆ ಹೊರಡಿಸಿದಳು.

ರೋಗಿಷ್ಟ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ವಾಯರನ್ನು ಮತ್ತೆ ಕಾರ್ಡಿಗೇ ಸಿಕ್ಕಿಸಿಕೊಂಡು, ಮೌನೇಶನ ಕಾರಿನ ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಹೊತ್ತುಕೊಂಡು ಅಂಬಿಕಾ ಕಮಲಾಪುರಕ್ಕೆ ಹೋದಳು. ದಾರಿಯುದ್ದಕ್ಕೂ ಅದರ ಕೂಡ ಮಾತಾಡಿದಳು. "ನೋಡು, ಮನಿದಾಗ ಏನು ಬೇಕಾದ್ದು ಮಾಡು, ಮಂದಿ ಮುಂದ ಮರ್ಯಾದಿ ಕಳಿಬ್ಯಾಡ. ಆ ಮುದುಕಿ ಮುಂದಂತೂ ಬ್ಯಾಡೇ ಬ್ಯಾಡ."

ಕಮಲಾಪುರದ ಮನೆಗೆ ದಪ್ಪ ಕಲ್ಲಿನ ಗೋಡೆ. ಒಳಗೆ ಕಾಲಿಟ್ಟರೆ ತಂಪು, ಕೂಲರ್ ಗೀಲರ್ ಏನಿಲ್ಲ. ಮೂಲೆಯಲ್ಲಿ ಕೆಂಪು ಬಾಳೆಯ ಗೊನೆ ಹಣ್ಣಾಗಿ ಮನೆಯೆಲ್ಲ ಘಮಘಮ ಅನ್ನುತ್ತಿತ್ತು. ಮರಿಯಮ್‌ಬೀಯ ಮಂಚದ ಪಕ್ಕ ಟೇಬಲ್ ಹಾಕಿ ಕಂಪ್ಯೂಟರ್ ಇಟ್ಟರು. ಅಂಬಿಕಾ ಬಟನ್ ಒತ್ತುವ ಮೊದಲು ಮರಿಯಮ್‌ಬೀ ತಡೆದಳು. ಬಾಯಲ್ಲೇ ಏನೋ ಓದಿ, ಮೂರು ಸಲ ಕಂಪ್ಯೂಟರಿನ ಮೇಲೆ ಊದಿದಳು. "ಈಗ ಚಾಲೂ ಮಾಡು."

ಚಾಲೂ ಆಯಿತು. ಓಡಿತು. ಮಧ್ಯಾಹ್ನವಾಯಿತು, ಪರದೆ ಮಿಣಿಮಿಣಿ ಬೆಳಗುತ್ತಲೇ ಇತ್ತು. ಹಸಿರು ಗೀರಿಲ್ಲ, ಕಪ್ಪಿಲ್ಲ.

ಮರಿಯಮ್‌ಬೀ ದಿಂಬಿಗೆ ಒರಗಿ ಮದುವೆ ನಡೆಸತೊಡಗಿದಳು. "ಇವ ಸಿಕಂದರ್, ನನ್ನ ತಂಗಿ ಮಗ. ಇರ್ಲಿ, ಆದ್ರ ಅಂವ ಉಣ್ಣೋದು ತೆಗಿ, ಶುಗರ್ ಅದ, ಹೆಂಡ್ತಿ ನೋಡಿದ್ರ ಜಗಳಾಗ್ತದ. ಈಕಿ ಅಂಬರೀನ್, ಹುಡುಗಿ ಖಾಲಾ, ಆಕಿ ಅವ್ವನ ತಂಗಿ, ಇರಲಿ, ಚಂದ ನಕ್ಕಾಳ. ಈ ಕೋಟಿನವ ಯಾರು? ಯಾರಿಗ್ಗೊತ್ತು? ತೆಗಿ ತೆಗಿ. ಅಯ್ಯ ತಡಿ, ಇವ ಮದುಮಗನ ತಮ್ಮ ಅಲ್ಲೇನು! ವಾಪಸ್ ಹಾಕು!" ಅಂಬಿಕಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ನಡುವೆ ಖಿಚಡಿ ಖಟ್ಟಾ ಬಂತು, ಕೆಂಪು ಬಾಳೆಹಣ್ಣು ಬಂತು, ಸಾಕು ಅಂದರೆ ಕೇಳುವವರಿಲ್ಲ.

ಕೊನೆಗೆ ರುಖ್ಸತಿಯ ಭಾಗ ಬಂತು, ಮದುಮಗಳನ್ನು ಕಳಿಸಿಕೊಡುವ ಹೊತ್ತು. ಮರಿಯಮ್‌ಬೀ ಅದುವರೆಗೆ ಹರಟುತ್ತಿದ್ದವಳು ಪರದೆಗೆ ಕೈ ಅಡ್ಡ ಹಿಡಿದಳು. "ಇದು ಈಗ ಬ್ಯಾಡ" ಅಂದಳು. "ನನ್ನ ಹುಡುಗಿ ಬಾಜೂಕ ಕುಂತಾಗ ನೋಡ್ತೀನಿ. ಆವತ್ತು ಎಲ್ಲಾರೂ ಆಕಿ ತಲಿಮ್ಯಾಲ ಕೈ ಇಟ್ಟು ಕಳಿಸ್ಯಾರ. ನಾನೊಬ್ಬಾಕಿ ಇಟ್ಟಿಲ್ಲ." ಕಣ್ಣೊರೆಸಿಕೊಳ್ಳುತ್ತ ಗದರಿದಳು, "ಬಾಳೆಹಣ್ಣು ತಿನ್ನು, ಏನ್ ನೋಡ್ತಿ ನನ್ನ ಮಾರಿ?" ಅಂಬಿಕಾಳಿಗೆ ಈ ವಿಡಿಯೋ ಆಗದೆ ಹೋದರೆ ತಾನು ಈ ಮನೆಗೆ ಯಾವ ಮುಖ ಹೊತ್ತು ಬರಲಿ ಅನಿಸಿತು.

ಊರಿಗೆ ಮರಳಿ, ಕಂಪ್ಯೂಟರನ್ನು ಅದರ ಜಾಗದಲ್ಲಿ ಕೂರಿಸಿ, ದೇವರಿಗೆ ಕೈ ಮುಗಿದು ಮಲಗಿದಳು. ಹಾಡು, ಹೂವು, ಹೆಸರು ಕೂಡಿಸುವುದಷ್ಟೇ ಬಾಕಿ. ಮರುದಿನ ಮಧ್ಯಾಹ್ನ ಫೈಜಾನ್ ನಾಚುತ್ತ ತಲೆ ಎತ್ತಿದ, ಬಾಯಿ ತೆರೆದ.

ಕಪ್ಪು.

"ಎಲಾ ಇದರ ಮನಿ ಹಾಳಾಗ!" ಅಂಬಿಕಾ ಕೂಗಿದ್ದಕ್ಕೆ ಪಕ್ಕದ ದಾಲ್ ಮಿಲ್ಲಿನ ಹಮಾಲರು ಇಣುಕಿ ನೋಡಿದರು. "ಅಲ್ಲಿ ಪೂರಾ ದಿನ ನೆಟ್ಟಗ ಓಡ್ಯಾದ, ಇಲ್ಲಿ ಬಂದ ಕೂಡ್ಲೆ ನಖರಾ! ತವರುಮನಿ ಏನು ನಿಂದು ಕಮಲಾಪುರ?"

ಮಲ್ಲಣ್ಣನವರ ಅಭಿಪ್ರಾಯದಲ್ಲಿ ಎರಡೇ ದಾರಿ ಇದ್ದವು. ಮರಿಯಮ್‌ಬೀಯನ್ನು ಫೋನಿನಲ್ಲಿ ಮತ್ತೊಮ್ಮೆ ಊದಿಸುವುದು, ಇಲ್ಲವೇ ಮನೆಯವರೆಲ್ಲ ಕಮಲಾಪುರಕ್ಕೆ ಬಿಡಾರ ಎತ್ತುವುದು. ಅಂಬಿಕಾ ಕಾಲು ಮಡಚಿ ಕುರ್ಚಿಯ ಮೇಲೆ ಕೂತು ಯೋಚಿಸಿದಳು. ಡ್ರೈವರ್ ಅದೇ. ಕಾರ್ಡು ಅದೇ. ವಾಯರೂ ಅದೇ. ಕರೆಂಟಿನ ದೋಷವೋ ಎಂದರೆ ಕಮಲಾಪುರದ ಕರೆಂಟು ಇನ್ನೂ ಹೆಚ್ಚು ಕಣ್ಣು ಮಿಟುಕಿಸುತ್ತದೆ. ಸೆಕೆಯೋ ಎಂದರೆ, ಕೂಲರ್ ಹತ್ತಿರ ಎಳೆದ ದಿನವೇ ಅದು ಇನ್ನೂ ಬೇಗ ಕಪ್ಪಾಗಿತ್ತು. ಹಾಗಾದರೆ ಅಲ್ಲಿ ಇಲ್ಲದ್ದು ಇಲ್ಲಿ ಏನಿದೆ?

ಮಲ್ಲಣ್ಣ ಬಕೆಟ್ ಎತ್ತಿಕೊಂಡು ಬಂದು ಕೂಲರಿಗೆ ನೀರು ಸುರಿದರು. ಭರ್ರೆಂದು ಹಸಿಗಾಳಿ ಅಂಬಿಕಾಳ ಕೆನ್ನೆಗೆ ಬಡಿದು ಮುಂದೆ ಹೋಗಿ, ತಗಡು ಬಿಚ್ಚಿದ ಕಂಪ್ಯೂಟರಿನ ಹೊಟ್ಟೆಯೊಳಗೆ ನೇರವಾಗಿ ನುಗ್ಗಿತು. ಕೂಲರಿನ ಜಾಲರಿಯ ಮೇಲೆ, ಬೋರಿನ ಸವಳು ನೀರು ಒಣಗಿ ಒಣಗಿ, ಬೆಳ್ಳನೆಯ ಉಪ್ಪು ಹೆಪ್ಪುಗಟ್ಟಿತ್ತು. ಕಲಬುರಗಿಯಲ್ಲಿ ಯಾರ ಮನೆಯ ಕೂಲರ್ ನೋಡಿದರೂ ಅದು ಇದ್ದದ್ದೇ, ಹಾಗಾಗಿ ಯಾರೂ ಅದನ್ನು ನೋಡುವುದಿಲ್ಲ. ಅಂಬಿಕಾ ನೋಡಿದಳು. ಎದ್ದು ಹೋಗಿ ಕೂಲರಿನ ಸ್ವಿಚ್ ಆರಿಸಿದಳು.

"ಯಾಕವ್ವಾ, ಬಂದ್ ಮಾಡ್ದಿ? ಪಾಪ, ಅದಕ್ಕ ಸೆಕಿ!"

"ಸೆಕಿ ಅಲ್ರಿ ಮಾವಾರ. ನಾವೇ ದಿನಾ ಮಧ್ಯಾಹ್ನ ಕೂಲರ್ ಹಚ್ಚಿ ಅದಕ್ಕ ಉಪ್ಪುನೀರು ಕುಡಸಾಕತ್ತೀವಿ!"

ಕರೆಂಟು ತೆಗೆದು, ಸ್ಕ್ರೂ ಬಿಚ್ಚಿ, ಕಾರ್ಡನ್ನು ಮೆಲ್ಲಗೆ ಎಳೆದು ಬೆಳಕಿಗೆ ಹಿಡಿದಳು. ಬೋರ್ಡಿನಲ್ಲಿ ಕೂರುವ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಮಬ್ಬು ಬಿಳಿ ಪೊರೆ ಕಟ್ಟಿತ್ತು. ಕಾರ್ಡಿನ ಫ್ಯಾನಂತೂ ಕೇಳಬೇಡಿ. ಗಂಜಿನ ಮಿಲ್ಲುಗಳಿಂದ ಹಾರಿಬಂದ ತೊಗರಿಬೇಳೆಯ ಧೂಳು ಕೂಲರಿನ ಹಸಿಗೆ ನೆನೆದು, ಹೋಳಿಗೆ ಮಾಡುವಷ್ಟು ಕಣಕವಾಗಿತ್ತು. ಸರ್ಫರಾಜನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದರೆ ಅವನು ಬೀದರಿನಲ್ಲಿ ಬಿದ್ದು ಬಿದ್ದು ನಕ್ಕ. "ಭಾಭಿ, ನಮ್ಮಂಗಡಿದಾಗೂ ಹಿಂಗೇ ಕೂಲರ್ ಹಚ್ಚೀನಲ್ಲ! ಹಾಳಾಗಿಹೋಗ್ಲಿ, ಇವತ್ತೇ ತಿರುವ್ತೀನಿ. ನೀವು ಮಕ್ಕಳ ರಬ್ಬರ್ ತಗೊಂಡು ಆ ಹಲ್ಲು ಹಗೂರ್ಕ ತಿಕ್ಕ್ರಿ. ಹಸಿ ಬಟ್ಟಿ ಮುಟ್ಟಸ್ಬ್ಯಾಡ್ರಿ. ಫ್ಯಾನಿಗೆ ಒಣಾ ಬ್ರಶ್."

ಮಲ್ಲಣ್ಣನವರ ಮುಖ ಸಣ್ಣಗಾಗಿತ್ತು. ಕೂಲರಿನ ಪಕ್ಕದಲ್ಲಿ ಖಾಲಿ ಬಕೆಟ್ ಹಿಡಿದು ನಿಂತೇ ಇದ್ದರು. "ತಂಪಿರ್ಲಿ ಅಂತ ಮಾಡ್ದೆನವ್ವಾ. ನಾನೇ ಕೆಡಿಸಿದಂಗಾತಲ್ಲ."

"ತಗಡು ಬಿಚ್ಚಿದಾಕಿ ನಾನಲ್ರೀ? ಕೂಲರ್ ಎಳದಾವ ನಿಮ್ಮ ಮಗ ಅಲ್ರೀ? ಎಲ್ಲಾರೂ ಕೂಡೇ ಜಳಕ ಮಾಡ್ಸೀವಿ ಅದಕ್ಕ. ಬರ್ರಿ, ನಿಮ್ಮ ಕೈ ಹಗೂರ ಅದ, ನೀವೇ ತಿಕ್ಕ್ರಿ" ಎಂದು ರಬ್ಬರನ್ನು ಅವರ ಕೈಗೇ ಕೊಟ್ಟಳು. ಮಲ್ಲಣ್ಣ ಕನ್ನಡಕ ಏರಿಸಿ, ಬಾಗಿಲ ಬೆಳಕಿಗೆ ಕೂತು, ಉಸಿರು ಬಿಗಿಹಿಡಿದು ಒಂದೊಂದೇ ಹಲ್ಲು ತಿಕ್ಕಿದರು. ಬಂಗಾರದ ಬಣ್ಣ ಫಳಫಳ ಹೊರಬಂದಾಗ ಅವರ ಮುಖದಲ್ಲೂ ನಗೆ ಬಂತು.

ಕೂಲರಿನ ಮುಖ ಜನರ ಕಡೆ ತಿರುಗಿತು, ಕಂಪ್ಯೂಟರ್ ಎದುರು ಗೋಡೆಗೆ ಹೋಯಿತು, ತಗಡು ಅದರ ಜಾಗಕ್ಕೆ ಬಂತು. ಅಂಬಿಕಾ ಡ್ರೈವರನ್ನು ಇನ್ನೊಮ್ಮೆ ಶುಚಿಯಾಗಿ ಹಾಕಿ ಮಧ್ಯಾಹ್ನದವರೆಗೆ ಕಾದಳು. ಬಿಸಿಲು ನೆತ್ತಿಗೆ ಬಂದಾಗ ನಿಕಾಹ್ ತೆರೆದಳು. ಕಾಜಿ ಕೇಳಿದರು. ಫೈಜಾನ್ ತಲೆ ಎತ್ತಿದ. ಬಾಯಿ ತೆರೆದ. ಮಲ್ಲಣ್ಣ ಕುರ್ಚಿಯ ತುದಿಗೆ ಬಂದರು.

"ಕಬೂಲ್ ಹೈ" ಅಂದ ಫೈಜಾನ್.

"ಒಪ್ಪಿದಾ!" ಎಂದು ಮಲ್ಲಣ್ಣ ಎದ್ದು ನಿಂತು ಚಪ್ಪಾಳೆ ಹೊಡೆದರು. "ಒಪ್ಪಿದಲೇ ಹುಡುಗ, ಒಪ್ಪಿದಾ!" ಏನಾಯಿತೆಂದು ಓಡಿಬಂದ ಓಣಿಯವರಿಗೆಲ್ಲ ಸಕ್ಕರೆ ಹಂಚಿದರು. ಯಾವುದೋ ಮದುವೆ ನಿಕ್ಕಿಯಾಯಿತೆಂದು ತಿಳಿದು ಎಲ್ಲರೂ ಬಾಯಿ ಸಿಹಿ ಮಾಡಿಕೊಂಡು ಹೋದರು.

ಶುಕ್ರವಾರ ನಮಾಜು ಮುಗಿದು ಕಮಲಾಪುರದಲ್ಲಿ ಜುಮಾಗಿಯ ಊಟಕ್ಕೆ ದಸ್ತರ್‌ಖಾನ್ ಹಾಸಿದರು. ಬಿರಿಯಾನಿ ಮುಗಿದು, ಡಬಲ್ ಕಾ ಮೀಠಾ ಮುಗಿದು, ಮನೆತುಂಬ ಜನ ಟೀವಿಯ ಮುಂದೆ ಕೂತರು. ಕರೀಂಸಾಬರ ಹಳೆಯ ಟೀವಿ ಪೆನ್‌ಡ್ರೈವ್ ಓದುವುದಿಲ್ಲವೆಂದು ಅಂಬಿಕಾ ಕಂಪ್ಯೂಟರನ್ನೇ ತಂದು, ಮರಿಯಮ್‌ಬೀಯ ಮಂಚದ ಪಕ್ಕದ ಟೇಬಲ್ಲಿನ ಮೇಲಿಟ್ಟು, ಉದ್ದನೆಯ ವಾಯರಿನಿಂದ ಟೀವಿಗೆ ಜೋಡಿಸಿದ್ದಳು. ಮರಿಯಮ್‌ಬೀ ಹೊಸ ದುಪಟ್ಟಾ ಹೊದ್ದು ದಿಂಬಿಗೆ ಒರಗಿದ್ದಳು. ಆಕೆಯ ಕಾಲ ಬಳಿ ಮುಬಶ್ಶಿರಾ, ಅವಳ ಹಿಂದೆ ನಾಚಿಕೆಯ ಫೈಜಾನ್. ಅಂಬಿಕಾ ಮಾತ್ರ ಕೂರಲಾರದೆ ಬಾಗಿಲಿಗೆ ಅಂಟಿಕೊಂಡು ನಿಂತಿದ್ದಳು.

ಬಾರಾತು ಬಂತು, ಜನ ಸಿಳ್ಳೆ ಹಾಕಿದರು. ಸಿಕಂದರನ ಊಟ ಕಾಣಲಿಲ್ಲ, ಅವನ ಹೆಂಡತಿ ಸಮಾಧಾನವಾಗಿದ್ದಳು. ಕಬೂಲ್ ದಾಟಿತು, ಅಂಬಿಕಾ ಉಸಿರು ಬಿಟ್ಟಳು. ಆಮೇಲೆ ರುಖ್ಸತಿ. ಫಂಕ್ಷನ್ ಹಾಲಿನ ಬಾಗಿಲು, ಹೂವಿನ ಕಾರು. ಕೆಂಪು ಬಟ್ಟೆಯಲ್ಲಿ ಮುಬಶ್ಶಿರಾ ಅಳುತ್ತ ಒಬ್ಬೊಬ್ಬರನ್ನೇ ತಬ್ಬಿ ಮುಂದೆ ಬಂದಳು. ಕಾರಿನ ಬಾಗಿಲು ತೆರೆಯಿತು. ಅವಳು ತಿರುಗಿ ಹಿಂದೆ ನೋಡಿದಳು, ಯಾರನ್ನೋ ಹುಡುಕುವಂತೆ.

ಚಿತ್ರ ನಿಂತುಬಿಟ್ಟಿತು.

ಮುಬಶ್ಶಿರಾಳ ಮುಖ ಟೀವಿಯ ತುಂಬ ಅಲ್ಲಾಡದೆ ನಿಂತಿದೆ. "ಅಯ್ಯೋ ಶಿವನೇ, ಹ್ಯಾಂಗ್ ಆತು!" ಎಂದು ಅಂಬಿಕಾ ಜನರನ್ನು ದಾಟಿಕೊಂಡು, ಒಬ್ಬರ ಕಾಲು ತುಳಿದು, ಕಂಪ್ಯೂಟರಿನತ್ತ ಧಾವಿಸಿದಳು. ಕಾರ್ಡೋ, ವಾಯರೋ, ಡ್ರೈವರೋ, ತಲೆಯಲ್ಲಿ ಎಲ್ಲ ಒಟ್ಟಿಗೆ ಸುತ್ತಿತು. ವಾಯರಿಗೆ ಕೈ ಹಾಕಲು ಬಗ್ಗಿದವಳಿಗೆ ಕೀಬೋರ್ಡಿನ ಉದ್ದನೆಯ ಬಟನಿನ ಮೇಲೆ ಒಂದು ಸುಕ್ಕುಗಟ್ಟಿದ ಬೆರಳು ಕಂಡಿತು.

"ಏನೂ ಕೆಟ್ಟಿಲ್ಲ, ಘಾಬರಿ ಆಗಬ್ಯಾಡ" ಎಂದಳು ಮರಿಯಮ್‌ಬೀ. "ನಾನೇ ನಿಲ್ಸೀನಿ. ಸೆಲೆಕ್ಷನ್ ದಿನ ನೀ ಇದನ್ನೇ ಒತ್ತಿ ಒತ್ತಿ ನಿಲ್ಲಸ್ತಿದ್ದಿ, ನೋಡೀನಿ. ನನ್ನ ಹುಡುಗಿ ಹೊಂಟಾಳ. ನಾ ಇನ್ನೂ ದುವಾ ಕೊಟ್ಟಿಲ್ಲ."

ಮುಬಶ್ಶಿರಾ ಎದ್ದು ಬಂದು ಮಂಚದ ಪಕ್ಕ ಮೊಣಕಾಲೂರಿ ತಲೆ ಬಾಗಿಸಿದಳು. ಮರಿಯಮ್‌ಬೀ ಎರಡೂ ಕೈ ಅವಳ ತಲೆಯ ಮೇಲಿಟ್ಟು ಬಹಳ ಹೊತ್ತು ಏನೋ ಓದಿದಳು. ಓದಿ ಮುಗಿಸಿ ನೆತ್ತಿಯ ಮೇಲೆ ಊದಿದಳು, ಅವಳ ಕೆನ್ನೆ ಸವರಿ ತನ್ನ ಹಣೆಯ ಎರಡು ಬದಿಗೆ ಲಟಲಟನೆ ಲಟಿಕೆ ಮುರಿದಳು. ಮೊಮ್ಮಗಳು ದಾದಿಯ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು, ನಕ್ಕಳು, ಮತ್ತೆ ಅತ್ತಳು. ಕರೀಂಸಾಬರು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಅಂಬಿಕಾ ವಾಯರು ಹಿಡಿದ ಕೈಯಲ್ಲೇ ಗೊಳೋ ಎಂದಳು.

ಮರಿಯಮ್‌ಬೀ ದುಪಟ್ಟಾದ ಸೆರಗಿನಿಂದ ಕಣ್ಣೊರೆಸಿಕೊಂಡು ಟೀವಿಯ ಕಡೆ ನೋಡಿದಳು.

"ಹಾಂ, ಈಗ ಹೋಗ್ಲಿ" ಅಂದು ತಾನೇ ಬಟನ್ ಒತ್ತಿದಳು. ಪರದೆಯ ಮೇಲೆ ಮುಬಶ್ಶಿರಾ ಕಾರು ಹತ್ತಿದಳು.